ಬಿದ್ದವರಿಗೂ ಹಕ್ಕುಂಟು

ಬಿದ್ದವರ ವಿಷಯದಲ್ಲಿ ನಮ್ಮ ಗಾದೆಗಳು ಅಷ್ಟೇನೂ ದಯೆ ತೋರಿಲ್ಲ. ಆನೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತೇವೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಗುತ್ತೇವೆ. ನೋಡಿ ನಡೆಯಬೇಕಾಗಿತ್ತು, ಬಿದ್ದದ್ದು ಅವನದೇ ತಪ್ಪು ಎಂಬ ತೀರ್ಪು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ದುಡಿಯುವಾಗ ಬಿದ್ದವರನ್ನು ಕಾನೂನು ಹಾಗೆ ನೋಡುವುದಿಲ್ಲ. ಈ ಒಂದು ಸಂಗತಿಯನ್ನು ನಮ್ಮ ಕಾಫಿ ಬೆಟ್ಟಗಳ ನಿದರ್ಶನದಿಂದಲೇ ನಿಮಗೆ ತಿಳಿಸಬೇಕೆಂದು ನನ್ನ ಆಸೆ.

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗಿ ಬಂದವರಿಗೆ ಆ ನೆಲದ ಸ್ವಭಾವ ಗೊತ್ತು. ಅಲ್ಲಿ ಸಮತಟ್ಟು ಕಡಿಮೆ, ಇಳಿಜಾರೇ ಹೆಚ್ಚು. ನವೆಂಬರಿನಿಂದ ಅರೇಬಿಕಾ ಹಣ್ಣಿನ ಕೊಯ್ಲು, ಹೊಸ ವರ್ಷದ ಮೇಲೆ ರೊಬಸ್ಟಾ, ಅದರ ಬೆನ್ನಿಗೇ ಸಿಲ್ವರ್ ಮರಗಳಿಗೆ ಹಬ್ಬಿದ ಕಾಳುಮೆಣಸು. ಮಳೆಗಾಲಕ್ಕೆ ಮುನ್ನ ಮರಗಸಿ. ಹಣ್ಣು ಕೊಯ್ಯುವ ಹೆಂಗಸರು ಇಬ್ಬನಿಯಲ್ಲಿ ನೆನೆದ ತರಗೆಲೆಯ ಮೇಲೆ ಕಾಲೂರಿ, ಚೀಲ ಹೊತ್ತು ಇಳಿಯುತ್ತಾರೆ. ಮೆಣಸಿನವರು ಏಣಿಯನ್ನು ಮರಕ್ಕೆ ಆನಿಸಿ ಹತ್ತುತ್ತಾರೆ. ಜೂನ್ ಬಂತೆಂದರೆ ಕಲ್ಲಿನ ಮೇಲೆಲ್ಲ ಪಾಚಿ. ಇಂಥ ನೆಲದಲ್ಲಿ ಎಚ್ಚರ ತಪ್ಪದವರೂ ಬೀಳುತ್ತಾರೆ.

ಬಿದ್ದಾಗ ಮೊದಲು ಪೆಟ್ಟು ತಿನ್ನುವ ಅಂಗಗಳಲ್ಲಿ ಮೊಣಕಾಲು ಒಂದು. ಮೇಲೆ ತೊಡೆಯ ಮೂಳೆ, ಕೆಳಗೆ ಕಾಲಿನ ಮೂಳೆ, ಮುಂದೆ ಕಾವಲಿಗೆ ಒಂದು ಚಿಪ್ಪು. ಒಳಗೆ ಕತ್ತರಿಯಾಕಾರದಲ್ಲಿ ಹಾಯುವ ಎರಡು ಬಲವಾದ ಕಟ್ಟುಗಳು. ಮೂಳೆಗಳ ನಡುವೆ ಅರ್ಧಚಂದ್ರಾಕೃತಿಯ ಎರಡು ಮೆತ್ತೆಗಳು. ಪಾದ ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡು ಮೈ ಬೇರೆ ಕಡೆಗೆ ತಿರುಗಿದರೆ ಕಟ್ಟು ಹರಿಯಬಹುದು, ಮೆತ್ತೆ ಸೀಳಬಹುದು. ಮೂಳೆ ಮುರಿಯದಿದ್ದಾಗ ಎಕ್ಸ್‌ರೇ ಚಿತ್ರದಲ್ಲಿ ಈ ಗಾಯ ಕಾಣುವುದಿಲ್ಲ, ಎಂ.ಆರ್.ಐ. ಪರೀಕ್ಷೆಯಲ್ಲಿ ಕಾಣುತ್ತದೆ. ಏನೂ ಆಗಿಲ್ಲವೆಂದು ಎಣ್ಣೆ ಹಚ್ಚಿ ತಿಕ್ಕಿ ಮತ್ತೆ ಬೆಟ್ಟ ಹತ್ತಿಸಿದರೆ ಗಾಯ ದೊಡ್ಡದಾಗುತ್ತದೆ. ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಂಡರೆ, ಇಳಿಯುವಾಗ ಕಾಲು ಕೈಕೊಟ್ಟಂತಾದರೆ, ಮಡಿಸಿದ್ದು ಬಿಡಿಸಲಾರದೆ ಸಿಕ್ಕಿಕೊಂಡರೆ, ಕಾಲಿಗೆ ವಿಶ್ರಾಂತಿ ಕೊಟ್ಟು, ತಣ್ಣನೆಯ ಪಟ್ಟಿ ಹಾಕಿ, ಮೂಳೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗುವುದೇ ಸರಿ.

ಇನ್ನು ನ್ಯಾಯದ ಮಾತು. 1923ರಲ್ಲೇ ಕೆಲಸಗಾರರ ಪರಿಹಾರದ ಕಾಯಿದೆ ಬಂದಿತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ತಿರುಳು ಬಹುಮಟ್ಟಿಗೆ ಹಿಂದಿನದೇ. ಕೆಲಸದಿಂದಾಗಿ, ಕೆಲಸದ ಸಂದರ್ಭದಲ್ಲಿ, ಅಪಘಾತದಿಂದ ಗಾಯವಾಗಿ ಮೂರು ದಿನಕ್ಕಿಂತ ಹೆಚ್ಚು ಕಾಲ ದುಡಿಯಲಾಗದಿದ್ದರೆ ಮಾಲೀಕನು ಪರಿಹಾರ ಕೊಡತಕ್ಕದ್ದು. ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕೆಲಸಗಾರನು ಕೊಂಚ ಎಚ್ಚರ ತಪ್ಪಿದ್ದನೆಂಬುದು ಉತ್ತರವಾಗುವುದಿಲ್ಲ. ಕುಡಿದ ಅಮಲು, ಬೇಕೆಂದೇ ಸುರಕ್ಷತೆಯ ನಿಯಮ ಮೀರಿದ್ದು, ಇಂಥ ಕೆಲವೇ ಕಾರಣಗಳಿಗೆ ಮಾತ್ರ ವಿನಾಯಿತಿ. ದಿನಗೂಲಿಯವರಿಗೂ ಈ ಹಕ್ಕುಂಟು. ಗುತ್ತಿಗೆದಾರನು ಕರೆತಂದ ಆಳಾದರೂ ತೋಟದ ಮಾಲೀಕನಿಂದಲೇ ಕೇಳಬಹುದು. ಮಾಲೀಕನು ಬೇಕಾದರೆ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧ ತೋರಿಸಿದರೆ, ಲೆಕ್ಕಕ್ಕೆ ಬರುತ್ತದೆ. ಲೈನ್ ಮನೆಯಿಂದ ತೋಟಕ್ಕೆ ಇಳಿಯುವ ಕಾಲುದಾರಿಯನ್ನು ನೆನೆದರೆ ಇದು ಎಷ್ಟು ದೊಡ್ಡ ಮಾತೆಂದು ಹೊಳೆಯುತ್ತದೆ.

ಎಷ್ಟು ಸಿಗುತ್ತದೆ? ಕಾಲು ವಾಸಿಯಾಗುವವರೆಗೆ ತಿಂಗಳ ಕೂಲಿಯ ಶೇಕಡ 25ರಷ್ಟನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಚಿಕಿತ್ಸೆಯ ನಿಜವಾದ ಖರ್ಚು ಬೇರೆ. ಶಾಶ್ವತ ಊನ ಉಳಿದರೆ ಕೂಲಿ, ವಯಸ್ಸು, ಕಳೆದುಹೋದ ದುಡಿಮೆಯ ಶಕ್ತಿ ಈ ಮೂರನ್ನು ಸೇರಿಸಿ ಲೆಕ್ಕ. ನಲವತ್ತು ವರ್ಷದ ಹೆಂಗಸೊಬ್ಬಳ ತಿಂಗಳ ಕೂಲಿ 12,000 ರೂಪಾಯಿ, ಕಳೆದ ಶಕ್ತಿ ಶೇಕಡ 20 ಎಂದಿಟ್ಟುಕೊಳ್ಳಿ. ಕೂಲಿಯ ಶೇಕಡ 60 ಎಂದರೆ 7,200; ಅದನ್ನು ಆ ವಯಸ್ಸಿಗೆ ಗೊತ್ತುಮಾಡಿರುವ 184.17ರಿಂದ ಗುಣಿಸಿ, ಬಂದದ್ದರ ಐದನೆಯ ಒಂದು ಭಾಗ ತೆಗೆದರೆ ಸುಮಾರು 2,65,000 ರೂಪಾಯಿ. ಐನೂರು ರೂಪಾಯಿಯ ನೋಟೊಂದನ್ನು ಕೈಗಿತ್ತು ಊರಿಗೆ ಹೋಗಿ ಮಲಗು ಎನ್ನುವುದಕ್ಕೂ ಇದಕ್ಕೂ ಎಷ್ಟು ಅಂತರ, ನೀವೇ ನೋಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾಲು ಕತ್ತರಿಸಿ ಹೋದರೆ ಶೇಕಡ ಎಷ್ಟೆಂಬುದು ಕಾನೂನಿನ ಪಟ್ಟಿಯಲ್ಲೇ ಉಂಟು. ಕಟ್ಟು ಹರಿದ ಮೊಣಕಾಲು ಆ ಪಟ್ಟಿಯಲ್ಲಿಲ್ಲ. ಅರ್ಹ ವೈದ್ಯರು ಪರೀಕ್ಷಿಸಿ ಹೇಳಬೇಕು. ಕೂತು ಲೆಕ್ಕ ಬರೆಯುವವನಿಗೆ ಮಡಿಸಲಾಗದ ಮೊಣಕಾಲು ಒಂದು ತೊಂದರೆ; ಇಳಿಜಾರಿನಲ್ಲಿ ಚೀಲ ಹೊರುವವಳಿಗೆ ಅದು ಜೀವನದ ಪ್ರಶ್ನೆ. 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, ಒಂದೇ ಕೈಯಿಂದ ಬಡಗಿಯ ಕೆಲಸ ಸಾಧ್ಯವಿಲ್ಲವಾದ್ದರಿಂದ ಅವನ ದುಡಿಮೆ ಪೂರ್ತಿ ಹೋದಂತೆಯೇ ಎಂದು ತೀರ್ಮಾನಿಸಿತು. ಆದ್ದರಿಂದ ವೈದ್ಯರ ಮುಂದೆ ಗಾಯವನ್ನು ತೋರಿಸಿದರೆ ಸಾಲದು, ಮಾಡುತ್ತಿದ್ದ ಕೆಲಸವನ್ನೂ ಬಿಡಿಸಿ ಹೇಳಬೇಕು.

ಹಾಗಾದರೆ ಬಿದ್ದ ದಿನ ಮಾಡಬೇಕಾದ್ದೇನು? ಮೇಸ್ತ್ರಿಗೋ ರೈಟರಿಗೋ ಅಂದೇ ತಿಳಿಸಿ, ಬರವಣಿಗೆಯಲ್ಲಿ ಇರುವಂತೆ ನೋಡಿಕೊಳ್ಳುವುದು. ಆಸ್ಪತ್ರೆಯ ಚೀಟಿಯಲ್ಲಿ ತೋಟದ ಕೆಲಸದಲ್ಲಿ ಬಿದ್ದದ್ದೆಂದು ಬರೆಸುವುದು. ಮನೆಯಲ್ಲಿ ಜಾರಿದ್ದು ಎಂಬ ಒಂದು ಸಾಲು ಇಡೀ ಹಕ್ಕನ್ನು ಕೆಡಿಸೀತು. ಕೂಲಿಯ ಚೀಟಿ, ಔಷಧಿಯ ರಸೀದಿ, ಜೊತೆಗಿದ್ದವರ ಹೆಸರು ಇವನ್ನು ಜೋಪಾನ ಮಾಡುವುದು. ತನಗೆ ಪರಿಹಾರ ಬೇಡವೆಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತದಿರುವುದು. ಒತ್ತಿದ್ದರೂ ಅಂಥ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಎರಡು ವರ್ಷ ಕಳೆಯುವ ಮುನ್ನವೇ ಅರ್ಜಿ ಹಾಕಿಬಿಡುವುದು ಕ್ಷೇಮ. ಅಸ್ಸಾಮಿನಂಥ ದೂರದಿಂದ ಸುಗ್ಗಿಗೆ ಬಂದವರು ತಮ್ಮ ವಾಸದ ಊರಿನಲ್ಲಿಯೂ ಅರ್ಜಿ ಹಾಕಬಹುದು. ಸಲ್ಲಬೇಕಾದ ಹಣವನ್ನು ಒಂದು ತಿಂಗಳು ಮೀರಿ ತಡೆದರೆ ಶೇಕಡ 12ರಂತೆ ಬಡ್ಡಿ ಕೂಡುತ್ತದೆ.

ಆಳುಗಳನ್ನು ತುಂಬಿಕೊಂಡು ಹೋಗುವ ಜೀಪಿನಿಂದ ಬಿದ್ದವರಿಗೆ ಮೋಟಾರು ಅಪಘಾತ ನ್ಯಾಯಮಂಡಳಿಯ ದಾರಿಯೂ ಉಂಟು. ಆದರೆ ಎರಡು ದಾರಿಯಲ್ಲಿ ಒಂದನ್ನೇ ಆರಿಸಬೇಕು; ಅಲ್ಲಿ ಆರು ತಿಂಗಳೊಳಗೆ ಹೋಗುವುದು ಒಳ್ಳೆಯದು.

ವಕೀಲರಿಗೆ ಕೊಡಲು ಹಣವೆಲ್ಲಿ ಎನ್ನುವಿರಾ? 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಅಂಗವಿಕಲರಿಗೆ ಆದಾಯ ಕೇಳದೆ ಉಚಿತ ನೆರವು ಕೊಡಬೇಕು. ಇತರ ಬಡವರಿಗೂ ಉಂಟು. ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು. 15100 ಸಂಖ್ಯೆಗೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ.

ಇದನ್ನೆಲ್ಲ ಪಟ್ಟಣದ ನಮಗೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ನಾನು ಹೈಸ್ಕೂಲಿನ ಮೇಷ್ಟ್ರು. ತಾಯಿ ಕಾಲು ಮುರಿದುಕೊಂಡ ಮನೆಯ ಹುಡುಗಿ ಮೊದಲು ಸೋಮವಾರ ತಪ್ಪಿಸುತ್ತಾಳೆ, ಆಮೇಲೆ ವಾರ ತಪ್ಪಿಸುತ್ತಾಳೆ, ಆಮೇಲೆ ಅವಳ ಹೆಸರಷ್ಟೇ ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಒಂದು ಮೊಣಕಾಲಿನ ಹಿಂದೆ ಒಂದು ಸಂಸಾರ ನಿಂತಿರುತ್ತದೆ. ನಿಮ್ಮಲ್ಲಿ ಕೆಲವರಿಗೆ ಸಣ್ಣಪುಟ್ಟ ತೋಟಗಳುಂಟು. ಸುಗ್ಗಿಗೆ ಮುನ್ನ ಆಳುಗಳಿಗಾಗಿ ವಿಮೆ ಮಾಡಿಸಿ; ಅವರಿಗೂ ರಕ್ಷೆ, ನಿಮಗೂ ನೆಮ್ಮದಿ. ಇಳಿಜಾರಿನಲ್ಲಿ ಮೆಟ್ಟಿಲು ಕಡಿಸಿ. ಏಣಿಯ ಬುಡ ಹಿಡಿಯಲು ಇನ್ನೊಬ್ಬರನ್ನು ನಿಲ್ಲಿಸಿ. ತೋಟವಿಲ್ಲದವರೂ ಪೇಟೆಗೆ ಕುಂಟುತ್ತ ಬಂದವರನ್ನು ಕಂಡರೆ ಎಲ್ಲಿ ಬಿದ್ದೆ, ಬರೆಸಿದೆಯಾ ಎಂದು ಕೇಳಿ. ಓದು ಬಾರದವರಿಗೆ ಒಂದು ಅರ್ಜಿ ಬರೆದುಕೊಡಿ. ಅಕ್ಷರ ಕಲಿತವರು ಅಷ್ಟನ್ನಾದರೂ ಮಾಡಬಹುದಲ್ಲವೆ?