ಬಾಗಿಲಲ್ಲಿ ಆಡುವ ಮಾತು
(ಸಂಘದ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ವಿಮೆ, ಠೇವಣಿ, ಮನೆಬಳಕೆಯ ಸಾಮಾನು ಮೊದಲಾದವುಗಳ ಏಜೆನ್ಸಿ ಹಿಡಿದು ಮನೆಮನೆಗೆ ಹೋಗುವ ತರುಣ ತರುಣಿಯರು ನಮ್ಮಲ್ಲಿ ಅನೇಕರಿದ್ದಾರೆ. “ನಾಲ್ಕು ಬಾಗಿಲು ತಟ್ಟಿದರೆ ಮೂರು ಮುಚ್ಚಿಕೊಳ್ಳುತ್ತವೆ, ಏನು ಮಾಡೋಣ?” ಎಂಬುದು ಅವರ ಅಳಲು. ಬ್ಯಾಂಕಿನ ಗುಮಾಸ್ತನಾದ ನಾನು ಉಪದೇಶ ಮಾಡತಕ್ಕವನಲ್ಲ. ಆದರೂ ನಮ್ಮ ನಾಡಿನವರೇ ತೋರಿಸಿಕೊಟ್ಟ ಒಂದು ದಾರಿಯನ್ನು ತಮಗೆ ನೆನಪಿಸಬಯಸುತ್ತೇನೆ.

1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಈ ಮೂವರು ಕೂಡಿ 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಕೈಮಗ್ಗ ಸಂಕಟಕ್ಕೆ ಸಿಲುಕಿದ ಕಾಲವದು. ನೇಕಾರರಿಗೆ ನೆರವಾಗುವುದೇ ಅವರ ಉದ್ದೇಶವಾಗಿತ್ತು. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನು ಕೂಡ ಏಜೆಂಟನೇ ಬಾಗಿಲಿಗೆ ಬಂದು ಪಡೆಯುತ್ತಿದ್ದನು. ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಈ ಯೋಜನೆಯಲ್ಲಿ ನಾವು ಕಲಿಯತಕ್ಕದ್ದು ಎರಡುಂಟು. ಮೊದಲನೆಯದು, ಲೆಕ್ಕ ಸರಳವಾಗಿತ್ತು. ದಿನಕ್ಕೆ ಎರಡಾಣೆಯಾದರೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಇದನ್ನು ಅಕ್ಷರ ಬಾರದವನೂ ಬೆರಳು ಮಡಿಸಿ ಎಣಿಸಬಹುದು. ಎರಡನೆಯದು, ಏಜೆಂಟನು ಹಣ ಪಡೆದು ಮಾಯವಾಗುವವನಲ್ಲ. ನಾಳೆಯೂ ಅದೇ ಬಾಗಿಲಿಗೆ ಬರತಕ್ಕವನು. ನಾಳೆ ಮುಖ ತೋರಿಸಬೇಕಾದವನಿಗೆ ಇಂದು ಸುಳ್ಳು ಹೇಳುವುದು ಸುಲಭವಲ್ಲ.

ಈಗ ನಾನು ಕಂಡ ಇನ್ನೊಂದು ಸಂಗತಿ. ಡೊಂಬಿವಲಿಯಲ್ಲಿ ನಮ್ಮ ನೆರೆಯ ಅಮ್ಮ ಒಬ್ಬರು, ಪತಿಯ ಪ್ರಾವಿಡೆಂಟ್ ಫಂಡಿನ ಹಣದಲ್ಲಿ ಒಂದು ಪಾಲನ್ನು ‘ಠೇವಣಿ’ ಎಂದು ಇಟ್ಟಿದ್ದರು. ವರ್ಷ ಕಳೆದ ಮೇಲೆ ಮತ್ತೆ ಅಷ್ಟೇ ಹಣ ಕಟ್ಟಬೇಕೆಂದು ಕಾಗದ ಬಂತು. ಓದಿ ನೋಡಿದರೆ ಅದು ಠೇವಣಿಯಲ್ಲ, ಹತ್ತು ವರ್ಷ ಕಂತು ಕಟ್ಟುವ ವಿಮೆ! ಹಿಂತಿರುಗಿಸುವ ಅವಧಿ ಎಂದೋ ಮುಗಿದಿತ್ತು. “ಹುಡುಗ ಕನ್ನಡದಲ್ಲೇ ಮಾತಾಡಿದ ತಮ್ಮಾ, ನಮ್ಮವನೇ ಅಂತ ನಂಬಿದೆ” ಎಂದು ಅವರು ಹೇಳಿದಾಗ ನಾನು ತಲೆತಗ್ಗಿಸಿದೆ. ಆತ ಅವರ ಮನೆಗೆ ಐದು ಸಲ ಬಂದಿದ್ದನಂತೆ. ಸಹಿಯಾದ ಬಳಿಕ ಆರನೆಯ ಸಲ ಬರಲಿಲ್ಲ.

ಛಲ ಬೇರೆ, ಪೀಡೆ ಬೇರೆ. “ಬೇಡ” ಎಂದವರಿಗೆ ಕೈಮುಗಿದು ಹೊರಡಿರಿ. “ಯೋಚಿಸುತ್ತೇನೆ” ಎಂದವರಲ್ಲಿ “ಯಾವ ದಿನ ಬರಲಿ?” ಎಂದು ಕೇಳಿ, ಮಳೆ ಬಂದರೂ ಲೋಕಲ್ ತಡವಾದರೂ ಅದೇ ದಿನ ಹೋಗಿರಿ. ಹೊಸ್ತಿಲಲ್ಲೇ ನಿಮ್ಮ ಹೆಸರು, ಸಂಸ್ಥೆ, ಬಂದ ಕಾರಣ ತಿಳಿಸಿರಿ. ಎಷ್ಟು ಹಣ, ಎಷ್ಟು ವರ್ಷ, ನಡುವೆ ಬೇಕಾದರೆ ಎಷ್ಟು ನಷ್ಟ ಎಂಬ ಮೂರನ್ನು ಲಾಭದ ಮಾತಿಗಿಂತ ಮೊದಲು ಹೇಳಿರಿ. ಜೀವವಿಮೆಯಾದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂತಿರುಗಿಸುವ ಹಕ್ಕುಂಟೆಂದು ನೀವೇ ತಿಳಿಸಿರಿ. ಕೊನೆಗೆ, “ಅಮ್ಮಾ, ನಾನು ಹೇಳಿದ್ದನ್ನು ನೀವೊಮ್ಮೆ ಹೇಳಿ ನೋಡೋಣ” ಎನ್ನಿರಿ. ಅವರು ತಪ್ಪಾಗಿ ಹೇಳಿದರೆ ಸಹಿ ಬೇಡ, ಮತ್ತೊಮ್ಮೆ ವಿವರಿಸಿರಿ. ಹೀಗೆ ಮಾಡಿದರೆ ಕೆಲವು ಗಿರಾಕಿಗಳು ಕೈತಪ್ಪುವರು, ನಿಜ. ಉಳಿದವರು ತಾವಾಗಿಯೇ ಪಕ್ಕದ ಮನೆಯ ಬಾಗಿಲು ತೋರಿಸುವರು.

ಈ ಪರವೂರಿನಲ್ಲಿ ಕನ್ನಡದ ಒಂದು ಮಾತು ಕೇಳಿದರೆ ಸಾಕು, ನಮ್ಮವರು ಬಾಗಿಲು ತೆರೆಯುತ್ತಾರೆ. ಆ ನಂಬಿಕೆಯು ನಮ್ಮ ಹಿರಿಯರು ಗಳಿಸಿಟ್ಟ ಠೇವಣಿ. ಅದನ್ನು ಕರಗಿಸದೆ, ದಿನಕ್ಕೆ ಎರಡಾಣೆಯಷ್ಟಾದರೂ ಕೂಡಿಸುತ್ತ ಹೋಗೋಣವೆಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.