ಸಹಿ ಹಾಕೋ ಮುಂಚೆ ಓದ್ರಪ್ಪಾ!

(ಬೆಂಗಳೂರಿನ ಯಶವಂತಪುರದಲ್ಲಿ ನಡೆದ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಮದುವೆ ಕಾರ್ಡು, ಬಿಲ್ ಬುಕ್ಕು, ಲಾರಿ ಆಫೀಸಿನವರ ಎಲ್.ಆರ್. ಪುಸ್ತಕ, ಇವೇ ನನಗೆ ಅನ್ನ ಕೊಟ್ಟಿವೆ. ಇವತ್ತು ಆ ಎಲ್.ಆರ್. ಬಗ್ಗೆಯೇ ಮಾತಾಡುತ್ತೇನೆ. ಬಾವುಟದ ಬಗ್ಗೆ ಮಾತಾಡಲು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ನಮ್ಮ ಪ್ರೆಸ್ಸಿನ ಬೈಂಡರ್ ಮಗ ಒಬ್ಬನಿದ್ದಾನೆ. ಒಳ್ಳೆ ಹುಡುಗ, ಹೆವಿ ಲೈಸೆನ್ಸ್ ಇದೆ. ಫೋನಿನಲ್ಲಿ ಜಾಹೀರಾತು ನೋಡಿ ಒಂದು ಲಾರಿಗೆ ಡ್ರೈವರ್ ಆಗಿ ಸೇರಿದ. ಮಳೆಯಲ್ಲಿ ಸಕ್ಕರೆ ಮೂಟೆ ಲೋಡ್ ಆಯಿತು. ಗೋದಾಮಿನಲ್ಲೇ ಕೆಲವು ಮೂಟೆ ನೆನೆದಿದ್ದವು. ಇವನು ನೋಡಿದ, ಆದರೆ ಏನೂ ಬರೆಸಲಿಲ್ಲ. ಹೈದರಾಬಾದಿನಲ್ಲಿ ಇಳಿಸುವಾಗ ಅಲ್ಲಿಯವರು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿ ಸಹಿ ಕೇಳಿದರು. ಮಾಲು ಮುಟ್ಟಿತು ಅಂತ ಬರೆದಿದ್ದಾರೆ ಎಂದುಕೊಂಡು ಹಾಕಿದ. ಬರೆದಿದ್ದದ್ದು ಬೇರೆ: ನಾಲ್ಕು ಮೂಟೆ ಕಡಿಮೆ, ಆರು ಮೂಟೆ ಒದ್ದೆ. ಮೂರು ತಿಂಗಳು ಅವನ ಸಂಬಳದಲ್ಲಿ ಮುರಿದುಕೊಂಡರು.

ಆ ಕಾಗದ ತಂದು ನನ್ನ ಮೇಜಿನ ಮೇಲಿಟ್ಟ. 'ಅಣ್ಣಾ, ಇದರಲ್ಲಿ ಏನಿದೆ ಓದಿ ಹೇಳಿ' ಅಂದ. ಕೆಳಗಡೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮದೇ ಪ್ರೆಸ್ಸಿನ ಹೆಸರು! ಕನ್ನಡದ ಒಂದು ಅಕ್ಷರವಿಲ್ಲದ ಆ ಕಾಗದವನ್ನು ಅಚ್ಚು ಹಾಕಿದವನು ನಾನೇ. ನವೆಂಬರ್ ಬಂದರೆ ಹಳದಿ ಕೆಂಪು ಶಾಲು ಹೊದ್ದು ತಿರುಗುವವನೂ ನಾನೇ.

ಎಲ್.ಆರ್. ಎಂದರೆ ಲಾರಿ ರಸೀತಿ. ಉತ್ತರದವರು ಬಿಲ್ಟಿ ಅನ್ನುತ್ತಾರೆ. ಅದರಲ್ಲಿ ಕನ್ಸೈನರ್, ಕನ್ಸೈನೀ ಎಂದು ಎರಡು ಮನೆ. ಕೊನೆಯ ಒಂದು ಅಕ್ಷರದಲ್ಲಿ ಕಳಿಸುವವನು ಪಡೆಯುವವನಾಗಿ ಬಿಡುತ್ತಾನೆ. 'ಟು ಪೇ' ಅಂತ ಇದ್ದರೆ ಬಾಡಿಗೆಯನ್ನು ಮಾಲು ಇಳಿಸಿಕೊಳ್ಳುವವನು ಕೊಡಬೇಕು. 'ಪೇಯ್ಡ್' ಅಂದರೆ ಕಳಿಸುವವನೇ ಕೊಟ್ಟಾಗಿದೆ. 'ಟಿ.ಬಿ.ಬಿ.' ಅಂದರೆ ಆಮೇಲೆ ಬಿಲ್ ಮಾಡುತ್ತಾರೆ, ಡ್ರೈವರ್ ಕೈಗೆ ದುಡ್ಡು ಕೇಳಬಾರದು. ಇನ್ನು 'ಅಟ್ ಓನರ್ಸ್ ರಿಸ್ಕ್' ಎಂಬ ಸಾಲು. ನಮ್ಮ ಹುಡುಗರು ಓನರ್ ಅಂದರೆ ಲಾರಿ ಓನರ್ ಎಂದುಕೊಂಡು ಧೈರ್ಯವಾಗಿರುತ್ತಾರೆ. ಅಲ್ಲ ಸ್ವಾಮಿ, ಅಲ್ಲಿ ಓನರ್ ಅಂದರೆ ಮಾಲಿನ ಒಡೆಯ. ಅಷ್ಟು ವರ್ಷ ಅಚ್ಚು ಹಾಕಿದ ನನಗೇ ಅದು ತಡವಾಗಿ ತಿಳಿಯಿತು! ಬೈಂಡರ್ ಮಗ ಲೋಡ್ ಆಗುವಾಗಲೇ ಎಲ್.ಆರ್. ಮೇಲೆ 'ಇಷ್ಟು ಮೂಟೆ ಒದ್ದೆ' ಎಂದು ಬರೆಸಿ, ಗೋದಾಮಿನವರ ಸಹಿ ತಗೊಂಡಿದ್ದರೆ, ಫೋನಿನಲ್ಲಿ ಒಂದು ಫೋಟೋ ಹೊಡೆದಿದ್ದರೆ, ಆ ಮೂರು ತಿಂಗಳ ದುಡ್ಡು ಕೇಳಲು ಅವನ ಕೈಯಲ್ಲಿ ಆಧಾರವಿರುತ್ತಿತ್ತು.

ಈಗ ಕೆಲಸ ಹುಡುಕುವ ವಿಷಯ. ಹಿಂದೆ ಕಲಾಸಿಪಾಳ್ಯದಲ್ಲೋ ಎಪಿಎಂಸಿ ಯಾರ್ಡಿನಲ್ಲೋ ಟೀ ಅಂಗಡಿ ಮುಂದೆ ನಿಂತರೆ ಕ್ಲೀನರ್ ಕೆಲಸ ಸಿಗುತ್ತಿತ್ತು, ನಾಲ್ಕು ವರ್ಷಕ್ಕೆ ಸ್ಟೀರಿಂಗ್ ಸಿಗುತ್ತಿತ್ತು, ಮಾತುಗಳೂ ಹಾಗೇ ಬರುತ್ತಿದ್ದವು. ಈಗ ಎಲ್ಲಾ ಫೋನಿನೊಳಗೆ. ಲೋಡು ಹೊಂದಿಸಿಕೊಡುವ ಬ್ಲ್ಯಾಕ್‌ಬಕ್ ಕಂಪನಿ 2015ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣವೂ ಅದೇ ವರ್ಷದ್ದು, ಅಲ್ಲಿ ಹೆಸರು ಬರೆಸಲು ಕಾಸು ಕೊಡಬೇಕಿಲ್ಲ. ಕೆಲಸ ಕೊಡಿಸುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀಜು ಕಳಿಸಿ ಅಂದವನಿಗೆ ಒಂದು ರೂಪಾಯಿ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಜಾಹೀರಾತಿನಲ್ಲಿ ಏನಿರುತ್ತದೆ? 'ಟಾರಸ್‌ಗೆ ಡ್ರೈವರ್ ಬೇಕು, ಎನ್.ಪಿ. ಲೈನು, ಸಂಬಳ ಮತ್ತು ಬಾಟಾ.' ಟಾರಸ್ ಒಂದು ಕಂಪನಿಯ ಗಾಡಿಯ ಹೆಸರು, ನಮ್ಮ ಕಡೆ ಹತ್ತು, ಹನ್ನೆರಡು ಚಕ್ರದ ಲಾರಿಗೆಲ್ಲ ಅದೇ ಹೆಸರು ನಿಂತುಬಿಟ್ಟಿದೆ. ಎನ್.ಪಿ. ಅಂದರೆ ನ್ಯಾಷನಲ್ ಪರ್ಮಿಟ್, ರಾಜ್ಯ ದಾಟಬೇಕು, ಮನೆಗೆ ಯಾವಾಗ ಬರುತ್ತೀರೋ ಹೇಳಲಾಗದು. ಬಾಟಾ ದಿನಕ್ಕೋ, ಟ್ರಿಪ್ಪಿಗೋ ಕೇಳಿಕೊಳ್ಳಿ. ಲೋಡಿಗಾಗಿ ಕಾದು ನಿಂತ ದಿನ, ಅಂದರೆ ಹಾಲ್ಟಿಂಗ್ ದಿನ, ಬಾಟಾ ಉಂಟೋ ಇಲ್ಲವೋ ಅದನ್ನೂ ಕೇಳಿ. ಜಗಳ ಹುಟ್ಟುವುದೇ ಅಲ್ಲಿ.

'ಪಾಸಿಂಗ್' ಎಂಬ ಮಾತು ಬಹಳ ಮುಖ್ಯ. ಗಾಡಿಗೆ ಕಾನೂನು ಒಪ್ಪಿದ ತೂಕ ಅದು. ಹತ್ತು ಚಕ್ರದ ಲಾರಿಗೆ ಮಾಲೂ ಗಾಡಿಯೂ ಸೇರಿ 25 ಟನ್ ಇದ್ದದ್ದನ್ನು 2018ರಲ್ಲಿ 28.5 ಟನ್ ಮಾಡಿದರು. ಮೀರಿದರೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಕಾನೂನು ಓಡಿಸಿದವನನ್ನೂ ಹಿಡಿಯುತ್ತದೆ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಯಾರು, ಹೇಳಿ?

ಇ-ವೇ ಬಿಲ್ ಕೂಡ ಹಾಗೆಯೇ. 2018ರ ಏಪ್ರಿಲ್ 1ರಿಂದ ಬಂತು. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚಿನ ಮಾಲಿಗೆ ಬೇಕು, 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಹಿಂದೆ ಮುಂದೆ ಅದನ್ನು ಮುಂದುವರಿಸಬೇಕು. ಆಫೀಸಿಗೆ ಫೋನ್ ಮಾಡಿ ಎಚ್ಚರಿಸುವವರು ನೀವೇ.

ಸೇರುವ ಮುಂಚೆ ಎಂಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್.ಸಿ., ಇನ್ಶೂರೆನ್ಸ್ ಇದೆಯೇ ನೋಡಿ. ನಿಮ್ಮ ಲೈಸೆನ್ಸೂ ನೋಡಿಕೊಳ್ಳಿ. 7,500 ಕಿಲೋ ಒಟ್ಟು ತೂಕದವರೆಗಿನ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ಅದಕ್ಕೂ ದೊಡ್ಡದಾದರೆ ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸಿಗೆ ವರ್ಷ ಆಗಿರಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದರು. ಒಳ್ಳೆಯದೇ. ಆದರೆ ಓದು ಬೇಡ ಅಂದ ಮೇಲೆ ಕಾಗದವನ್ನಾದರೂ ಅವನ ಭಾಷೆಯಲ್ಲಿ ಕೊಡಬೇಡವೇ?

ಲಾರಿ ಕೆಲಸ ಕೀಳು ಅನ್ನುವವರಿಗೆ ಒಂದು ಮಾತು. ವಿಜಯ ಸಂಕೇಶ್ವರರು ಗದಗಿನ ಮುದ್ರಣದ ಮನೆತನದವರು. 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದರು. ನಮ್ಮ ಕಸುಬಿನವರು ಅಂತ ನನಗೆ ಸ್ವಲ್ಪ ಹೆಮ್ಮೆ, ಇರಲಿ.

ಹಾಗಂತ ಎಲ್.ಆರ್.ಗೆ 'ಸರಕು ಸಾಗಾಣಿಕಾ ಸ್ವೀಕೃತಿ ಪತ್ರ' ಅಂತ ಹೆಸರಿಡಿ ಎಂದು ನಾನು ಹೇಳುವುದಿಲ್ಲ. ಒಬ್ಬ ಪಂಡಿತರು ಬರೆದುಕೊಟ್ಟಿದ್ದರು. ಹಮಾಲಿಗೆ ಓದಿ ಹೇಳಿದೆ, ನಕ್ಕುಬಿಟ್ಟ. ಎಲ್.ಆರ್. ಎಲ್.ಆರ್. ಆಗಿಯೇ ಇರಲಿ, ಕನ್ನಡ ಅಕ್ಷರದಲ್ಲಿ ಇರಲಿ. ಕಳಿಸುವವರು, ಪಡೆಯುವವರು, ಮಾಲಿನ ಸ್ಥಿತಿ, ಬಾಡಿಗೆ ಯಾರು ಕೊಡಬೇಕು, ಇವು ಕನ್ನಡದಲ್ಲಿ, ಪಕ್ಕದಲ್ಲೇ ಇಂಗ್ಲಿಷ್. ಲಾರಿ ಹೊರರಾಜ್ಯಕ್ಕೂ ಹೋಗಬೇಕಲ್ಲ.

ಈಗ ಆರ್ಡರ್ ಕೊಡಲು ಬಂದವರಿಗೆಲ್ಲ ಇದನ್ನೇ ತೋರಿಸುತ್ತಿದ್ದೇನೆ. ಎರಡು ಆಫೀಸಿನವರು ಒಪ್ಪಿದ್ದಾರೆ. ಒಬ್ಬರು 'ಇದೆಲ್ಲ ಯಾಕ್ರೀ' ಅಂತ ಬೇರೆ ಪ್ರೆಸ್ಸಿಗೆ ಹೋದರು. ಡ್ರೈವರ್ ಸಹಿ ಮಾಡುವ ಜಾಗದ ಮೇಲೆ 'ಓದಿ ನೋಡಿ ಸಹಿ ಮಾಡಿದ್ದೇನೆ' ಅಂತ ಕನ್ನಡದಲ್ಲಿ ಹಾಕಿದ್ದೇನೆ. ಬೈಂಡರ್ ಮಗ ಅದು ಸಾಲದು, ಒದ್ದೆ, ಹರಿದದ್ದು, ಕಡಿಮೆ ಅಂತ ಮೂರು ಚೌಕ ಬೇಕು, ಟಿಕ್ ಹೊಡೆದರೆ ಸಾಕಾಗಬೇಕು ಅನ್ನುತ್ತಾನೆ. ಹೊಸ ಪ್ರೂಫ್ ತಂದಿದ್ದೇನೆ, ಆ ಮೇಜಿನ ಮೇಲಿದೆ. ನಿಮ್ಮಲ್ಲಿ ಲಾರಿ ಓಡಿಸುವವರು ಯಾರಿದ್ದೀರೋ ಮುಂದೆ ಬನ್ನಿ, ಪೆನ್ನೂ ಇದೆ, ತಪ್ಪಿದ್ದ ಕಡೆ ಗೀಟು ಹಾಕಿ.