ತುಂಗಭದ್ರೆಯ ಎರಡು ದಂಡೆಗಳು
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿರುವಿರಿ. ನಾವು ವೃತ್ತಿಯಿಂದ ವಕೀಲರು. ಪ್ರವಾಸವರ್ಣನೆಯು ನಮ್ಮ ಕಸುಬಲ್ಲ. ಆದರೂ ಈಚೆಗೆ ನಾವು ಮೋಟಾರಿನಲ್ಲಿ ಮಾಡಿದ ಒಂದು ಚಿಕ್ಕ ಪ್ರಯಾಣವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ. ಹೊಸಪೇಟೆಯಿಂದ ಹೊರಟು ಆನೆಗೊಂದಿಯಲ್ಲಿ ಹೊಳೆಯ ದಂಡೆಯ ಮೇಲಿರುವ ಚಿಂತಾಮಣಿ ಮಠವನ್ನು ಸೇರುವ ದಾರಿಯದು. ಅದರ ಉದ್ದವು 30 ಕಿಲೋಮೀಟರನ್ನು ಮೀರಲಾರದು. ಮುಂಜಾನೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಆದರೆ ಈ ಅಲ್ಪ ದಾರಿಯ ನಡುವೆ ಒಂದು ಗಡಿಯನ್ನು ದಾಟಬೇಕಾಗುತ್ತದೆ. ಇಂದಿನ ಭೂಪಟದಲ್ಲಿ ಅದು ರಾಜ್ಯದ ಗಡಿಯಾಗಿ ಉಳಿದಿಲ್ಲ. ಅದು ಹೇಗೆ ಹುಟ್ಟಿತು, ಹೇಗೆ ಅಳಿಯಿತು, ಅಳಿದ ಮೇಲೂ ಎಲ್ಲಿ ಉಳಿದಿದೆ ಎಂಬುದೇ ನಮ್ಮ ಇಂದಿನ ಮಾತು.

ಹೊಸಪೇಟೆಯು ಕೃಷ್ಣದೇವರಾಯನು ಕಟ್ಟಿಸಿದ ಊರು. ಆಗ ಅದಕ್ಕೆ ನಾಗಲಾಪುರವೆಂದು ಹೆಸರಿದ್ದಿತು. ಊರನ್ನು ಬಿಟ್ಟ ಸ್ವಲ್ಪ ಹೊತ್ತಿಗೇ ಅನಂತಶಯನಗುಡಿಯು ಎದುರಾಗುತ್ತದೆ. 1524ರಲ್ಲಿ ಅದೇ ಅರಸನು ಕಟ್ಟಿಸಿದ ದೇವಾಲಯವದು. ಒಳಗೆ ಶಯನಮೂರ್ತಿಗಾಗಿ ಮಾಡಿದ ಉದ್ದನೆಯ ಪೀಠವಿದೆ, ಮೂರ್ತಿಯಿಲ್ಲ. ಹಂಪೆಯನ್ನು ನೋಡಹೋದವರೆಲ್ಲರೂ ಇಂತಹ ಬರಿಯ ಪೀಠಗಳ ಮುಂದೆ ನಿಂತು ನಿಟ್ಟುಸಿರುಬಿಟ್ಟು, 1565ರ ಆ ಯುದ್ಧವನ್ನು ನೆನೆದು ಹಿಂದಿರುಗುವರು. ಆ ನಿಟ್ಟುಸಿರನ್ನು ನಾವು ಹಳಿಯುವುದಿಲ್ಲ. ಆದರೆ ಗುಡಿಯ ಹೊರಗೆ ಬಂದು ದಾರಿಯ ಎಡಬಲಗಳನ್ನು ನೋಡಿರೆಂದು ಮಾತ್ರ ಬೇಡಿಕೊಳ್ಳುತ್ತೇವೆ.

ಅಲ್ಲಿ ಕಬ್ಬಿದೆ, ಬಾಳೆಯಿದೆ, ಬತ್ತವಿದೆ. ಬೋಳು ಬಂಡೆಗಳ ಗುಡ್ಡಗಳ ನಡುವೆ ಈ ಹಸುರು ಎಲ್ಲಿಂದ ಬಂದಿತು? ವಿಜಯನಗರದ ಅರಸರು ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿಸಿ ತೋಡಿಸಿದ ಕಾಲುವೆಗಳಿಂದ ಬಂದಿತು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ ಎಂಬ ಹೆಸರುಗಳನ್ನು ಇಲ್ಲಿಯ ಒಕ್ಕಲಿಗನ ಮಗುವೂ ಬಲ್ಲದು. ರಾಯ, ಬಸವಣ್ಣ ಕಾಲುವೆಗಳ ಹಳೆಯ ಒಡ್ಡು ವಲ್ಲಭಾಪುರದಲ್ಲಿದ್ದಿತು. ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿದ ಮೇಲೆ ಆ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬರುತ್ತಿದೆ. ಹಂಪೆಯ ಕಣಿವೆಯ ಗದ್ದೆಗಳಿಗೆ ತುರ್ತು ಕಾಲುವೆಯು ಇಂದಿಗೂ ಆಧಾರವು. ಅರಮನೆಗಳು ಸುಟ್ಟುಹೋದುವು, ಸಿಂಹಾಸನವು ಹೋಯಿತು, ಅರಸರ ವಂಶಗಳು ಚದರಿದುವು; ಆದರೆ ನೀರು ಹರಿಯುವುದು ನಿಲ್ಲಲಿಲ್ಲ. ಅರಸನ ಕೈಯಿಂದ ಜಾರಿದ ರಾಜ್ಯವನ್ನು ರೈತನ ಸಲಿಕೆಯು ಈ ಪ್ರಕಾರ ಉಳಿಸಿಕೊಂಡು ಬಂದಿದೆ. ಹಂಪೆಯನ್ನು ಹಾಳೆಂದು ಕರೆಯುವವರು ಈ ಕಾಲುವೆಗಳ ಬದುವಿನ ಮೇಲೆ ಒಂದು ಗಳಿಗೆ ನಡೆದು ನೋಡಲಿ.

ಮಲಪನಗುಡಿಯನ್ನು ದಾಟಿ, ರಾಯ ಕಾಲುವೆಯ ನೀರು ತುಂಬುವ ಕಮಲಾಪುರದ ದೊಡ್ಡ ಕೆರೆಯನ್ನು ನೋಡಿ, ನಾವು ಹಂಪೆಯತ್ತ ತಿರುಗದೆ ಕಂಪ್ಲಿಯ ದಾರಿಯನ್ನು ಹಿಡಿದೆವು. ಎಡಗಡೆಗೆ ಹಳೆಯ ಕೋಟೆಯ ಗೋಡೆಗಳು, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳು. ಬಲಗಡೆಗೆ ತೋಟ ಗದ್ದೆಗಳು. ಬುಕ್ಕರಾಯನನ್ನು ನೆನಪಿಗೆ ತರುವ ಬುಕ್ಕಸಾಗರವೆಂಬ ಹಳ್ಳಿಯ ಬಳಿ ಹೊಸ ಸೇತುವೆಯು ಹೊಳೆಯನ್ನು ದಾಟಿಸುತ್ತದೆ. ಸೇತುವೆಯ ಆಚೆಯ ಹಳ್ಳಿಯ ಹೆಸರು ಕಡೆಬಾಗಿಲು. ರಾಜಧಾನಿಯ ಕಡೆಯ ಬಾಗಿಲು ಹೊಳೆಯ ಆಚೆಗಿದ್ದಿತೆಂಬುದಕ್ಕೆ ಆ ಹೆಸರಿಗಿಂತ ಬೇರೆ ಸಾಕ್ಷಿಯು ಬೇಕೇ? ಹೊಳೆಯು ಆ ಪಟ್ಟಣಕ್ಕೆ ಎಲ್ಲೆಯಾಗಿರಲಿಲ್ಲ. ಪಟ್ಟಣದ ನಡುವೆಯೇ ಹರಿಯುತ್ತಿದ್ದಿತು.

ಸೇತುವೆಯ ಮಧ್ಯದಲ್ಲಿ ಮೋಟಾರನ್ನು ನಿಲ್ಲಿಸಿ ಕೆಳಗಿಳಿದೆವು. ಇಲ್ಲಿಯೇ ಆ ಗಡಿಯು ಇದ್ದಿತು.

ಸ್ಥಿರ ಸ್ವತ್ತಿನ ಮೊಕದ್ದಮೆಗಳಲ್ಲಿ ಚಕ್ಕುಬಂದಿಯನ್ನು ಬರೆಯುವಾಗ ಹಳ್ಳ, ಹೊಳೆ, ದಾರಿಗಳನ್ನು ಎಲ್ಲೆಯಾಗಿ ಕಾಣಿಸುವುದು ವಾಡಿಕೆ. 1800ರಲ್ಲಿ ಹೈದರಾಬಾದಿನ ನಿಜಾಮನೂ ಇಂಗ್ಲಿಷ್ ಕಂಪನಿಯೂ ಮಾಡಿಕೊಂಡ ಒಪ್ಪಂದದಲ್ಲಿ ತುಂಗಭದ್ರೆಗೆ ಇದೇ ಗತಿಯಾಯಿತು. ತನ್ನ ರಕ್ಷಣೆಗೆಂದು ಇಟ್ಟುಕೊಂಡ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ನಿಜಾಮನು ಹೊಳೆಯ ದಕ್ಷಿಣದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಹಂಪೆಯು ಮದರಾಸಿನ ಆಡಳಿತಕ್ಕೆ ಹೋಯಿತು. ಆನೆಗೊಂದಿಯು ಹೈದರಾಬಾದಿಗೆ ಉಳಿಯಿತು. ಒಂದೇ ರಾಜಧಾನಿಯ ಎರಡು ಭಾಗಗಳು ಎರಡು ಸರಕಾರಗಳ ಪಾಲಾದುವು. ಎರಡು ದಂಡೆಗಳ ಕನ್ನಡಿಗರಲ್ಲಿ ಒಬ್ಬನನ್ನಾದರೂ ಯಾರಾದರೂ ಕೇಳಿದರೇ? ಕಕ್ಷಿದಾರರನ್ನು ಕರೆಯದೆಯೇ ತೀರ್ಪಾದ ಮೊಕದ್ದಮೆಯದು.

ಆ ತೀರ್ಪಿನ ಫಲವನ್ನು ಅಣೆಕಟ್ಟಿನ ಚರಿತ್ರೆಯಲ್ಲಿ ಕಾಣಬಹುದು. ತುಂಗಭದ್ರೆಗೆ ದೊಡ್ಡ ಕಟ್ಟೆಯನ್ನು ಹಾಕಬೇಕೆಂಬ ಯೋಚನೆಯನ್ನು ಸರ್ ಆರ್ಥರ್ ಕಾಟನ್ನರು 1860ರಲ್ಲಿಯೇ ಮುಂದಿಟ್ಟರು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಬಳ್ಳಾರಿಯ ಸೀಮೆಯ ಜನರು ಹುಳುಗಳಂತೆ ಸತ್ತರು. ಆದರೂ ಕೆಲಸಕ್ಕೆ ಅಡಿಗಲ್ಲು ಬಿದ್ದುದು 1945ರಲ್ಲಿ. ಖರ್ಚಿನ ಪ್ರಶ್ನೆಯಿದ್ದುದು ನಿಜ. ಆದರೆ ನೀರಿನಲ್ಲಿ ಯಾರ ಪಾಲು ಎಷ್ಟೆಂದು ಎರಡು ದಂಡೆಗಳ ಸರಕಾರಗಳು ದಶಕಗಳ ಕಾಲ ಚರ್ಚಿಸಿದುದೂ ಅಷ್ಟೇ ನಿಜ. ಕಾಗದದ ಮೇಲಿನ ಒಂದು ಗೆರೆಯು ಹೊಲಕ್ಕೆ ಬರುವ ನೀರನ್ನು ಎಷ್ಟು ಕಾಲ ತಡೆಯಬಲ್ಲದೆಂಬುದನ್ನು ನಾವು ಇಲ್ಲಿ ನೋಡಬೇಕು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರಿಗೆ ಬಂದುವು. 1956ರ ನವೆಂಬರ್ 1ರಂದು ಆಚೆಯ ದಂಡೆಯೂ ಬಂದು ಕೂಡಿತು. 156 ವರ್ಷಗಳ ಗೆರೆಯು ಆ ದಿನ ಅಳಿಸಿಹೋಯಿತು.

ಸೇತುವೆಯನ್ನು ಇಳಿದು ಆನೆಗೊಂದಿಯನ್ನು ಸೇರಿದೆವು. ಇದು ಹಾಳೂರಲ್ಲ, ಮನೆಗಳಲ್ಲಿ ಒಲೆಯುರಿಯುವ ಊರು. ಹಳೆಯ ಬಾಗಿಲಿನೊಳಗಿಂದ ಎತ್ತಿನ ಬಂಡಿಗಳೂ ಟ್ರ್ಯಾಕ್ಟರುಗಳೂ ಹಾಯುತ್ತವೆ. ಹೊಳೆಯ ಬಳಿಯ ಹುಚ್ಚಪ್ಪಯ್ಯನ ಮಠದಲ್ಲಿ ನುಣ್ಣಗೆ ತಿರುವಿದ ಕರಿಗಲ್ಲಿನ ಕಂಬಗಳಿವೆ; ಚಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ಗುರುತುಗಳಿವೆ. ಅಲ್ಲಿಂದ ಚಿಂತಾಮಣಿ ಮಠಕ್ಕೆ ಹೋದೆವು. ದೊಡ್ಡ ಬಂಡೆಗಳ ಮರೆಯಲ್ಲಿ ಗುಡಿ, ಗುಹೆ, ಮಂಟಪ, ಕೆಳಗೆ ಹೊಳೆ. ಶ್ರೀರಾಮನು ಇಲ್ಲಿಯ ಗುಹೆಯಿಂದಲೇ ವಾಲಿಯ ಮೇಲೆ ಬಾಣ ಬಿಟ್ಟನೆಂದು ಸ್ಥಳದವರು ಹೇಳುತ್ತಾರೆ. ನಾವು ಬಂಡೆಯ ಮೇಲೆ ಕುಳಿತೆವು. ನೀರಿನ ಸದ್ದಿನ ಹೊರತು ಬೇರೆ ಸದ್ದಿರಲಿಲ್ಲ. ಎದುರಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಹಂಪೆಯ ದಂಡೆ.

ಕಡವಿನಲ್ಲಿ ಒಂದು ಹರಿಗೋಲು ಬಂದು ನಿಂತಿತು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ ಪ್ರವಾಸಿ ಪೇಸನು, ಜನರು ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ಆನೆಗೊಂದಿಗೆ ದಾಟುವರೆಂದು ಬರೆದಿಟ್ಟಿದ್ದಾನೆ, ಅದೇ ಹರಿಗೋಲು. ಬುತ್ತಿಯ ಗಂಟನ್ನು ಹಿಡಿದು ಇಳಿದ ಮುದುಕಿಯೊಬ್ಬಳನ್ನು, "ಎಲ್ಲಿಗೆ ಹೊರಟಿದ್ದೀಯವ್ವಾ?" ಎಂದು ಕೇಳಿದೆವು. "ಮಗಳ ಮನೀಗ್ರಿ ಯಪ್ಪಾ. ಈ ಹೊಳಿ ನಮಗ ಓಣಿ ಇದ್ದಂಗ" ಎಂದಳು. ಮಹನೀಯರೇ, 1800ರ ಒಪ್ಪಂದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಯಾವ ನ್ಯಾಯಾಲಯದಲ್ಲಿಯೂ ಕೇಳಿಲ್ಲ.

ಆದರೆ ಆ ಓಣಿಯನ್ನು ದಾಟುವುದು ಇಂದಿಗೂ ಸುಲಭವಲ್ಲ. ವಿಜಯನಗರದವರ ಸೇತುವೆಯ ಕಲ್ಲುಕಂಬಗಳು ಹೊಳೆಯಲ್ಲಿ ಸಾಲಾಗಿ ನಿಂತಿವೆ. ಮೇಲೆ ಹಾಸು ಉಳಿದಿಲ್ಲ. ನಮ್ಮ ಕಾಲದಲ್ಲಿ ತಳವಾರಘಟ್ಟದ ಬಳಿ ಸೇತುವೆಯನ್ನು ಕಟ್ಟತೊಡಗಿದರು. ಪುರಾತನ ಸ್ಥಳದ ಶೋಭೆಗೆ ಇದರಿಂದ ಭಂಗ ಬರುವುದೆಂದು ಆಕ್ಷೇಪಣೆಯೆದ್ದಿತು. 1999ರಲ್ಲಿ ಹಂಪೆಯು ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿ, 2006ರವರೆಗೆ ಅದರಲ್ಲಿದ್ದಿತು. ನಿಂತಿದ್ದ ಕೆಲಸವು ಮತ್ತೆ ನಡೆಯುತ್ತಿರಲು 2009ರ ಜನವರಿಯಲ್ಲಿ ಸೇತುವೆಯು ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಕಲ್ಲುಗಳನ್ನು ಕಾಯಬೇಕೆಂಬವರ ಮಾತು ನ್ಯಾಯವಾದುದು. ಹೊಳೆ ತುಂಬಿದಾಗ ಬಸುರಿಯನ್ನು ಆಸ್ಪತ್ರೆಗೆ ಸಾಗಿಸುವುದು ಹೇಗೆಂದು ಕೇಳುವವರ ಮಾತೂ ನ್ಯಾಯವಾದುದು. ಇಬ್ಬರನ್ನೂ ಒಟ್ಟಿಗೆ ಕೂಡಿಸಿ ಮೊದಲೇ ಕೇಳಿದ್ದರೆ, ಸ್ಥಳವನ್ನು ತಪ್ಪಿಸಿ ಕೆಳಗೆ ಬುಕ್ಕಸಾಗರದಲ್ಲಿ ಕಟ್ಟಿದ ಸೇತುವೆಯೇ ಮೊದಲು ಆಗುತ್ತಿದ್ದಿತೋ ಏನೋ! ಜನರನ್ನು ಕೇಳದೆ ಗೆರೆಯೆಳೆಯುವುದು ಹೇಗೆ ತಪ್ಪೋ, ಜನರನ್ನು ಕೇಳದೆ ಗೆರೆಯಳಿಸಹೋಗುವುದೂ ಹಾಗೆಯೇ ತಪ್ಪು.

ರಾಜ್ಯದ ಗಡಿ ಹೋಯಿತು. ಮನಸ್ಸಿನ ಗಡಿ ಹೋಗಿದೆಯೇ? ಹೊಳೆಯು ಇಂದಿಗೂ ಜಿಲ್ಲೆಗಳ ಎಲ್ಲೆಯಾಗಿದೆ: ಈಚೆ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆ, ಆಚೆ 1997ರಲ್ಲಿ ಹುಟ್ಟಿದ ಕೊಪ್ಪಳ ಜಿಲ್ಲೆ. ಆಡಳಿತಕ್ಕೆ ಎಲ್ಲೆಗಳು ಬೇಕು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹಂಪೆಗೆ ಬರುವ ಶಾಲೆಯ ಮಕ್ಕಳು ಕಲ್ಲಿನ ರಥವನ್ನು ನೋಡಿ, ಆಚೆಯ ದಂಡೆಯನ್ನು ಬೆರಳಿನಿಂದ ತೋರಿಸಿಕೊಂಡು ಹಿಂದಿರುಗಿದರೆ, ಅವರ ಮಟ್ಟಿಗೆ ಹಳೆಯ ಗೆರೆಯು ಅಳಿಯಲೇ ಇಲ್ಲ.

ಆದುದರಿಂದ ತಮ್ಮಲ್ಲಿ ನಮ್ಮ ಬಿನ್ನಹವಿಷ್ಟೇ. ಮಕ್ಕಳನ್ನು ಒಂದೇ ದಿನದಲ್ಲಿ ಎರಡೂ ದಂಡೆಗಳಿಗೆ ಕರೆದೊಯ್ಯಿರಿ. ಗೋಪುರಕ್ಕಿಂತ ಮೊದಲು ಕಾಲುವೆಯನ್ನು ತೋರಿಸಿರಿ. ಮಠದ ಬಂಡೆಯ ಮೇಲೆ ಕೂರಿಸಿ ಒಂದು ಹಾಳೆಯಲ್ಲಿ ಎರಡೂ ದಂಡೆಗಳ ಚಿತ್ರವನ್ನು ಬರೆಯಿಸಿರಿ. ನಡುವಿನ ಹೊಳೆಯನ್ನು ಗೆರೆಯಾಗಿ ಬರೆಯದೆ ನೀರಾಗಿ ಬರೆಯುವಂತೆ ಹೇಳಿರಿ. ನವೆಂಬರ್ ಒಂದರಂದು ಏರಿಸುವ ಬಾವುಟಕ್ಕೆ ಅರ್ಥವು ಅಂತಹ ಹಾಳೆಯಿಂದ ಬರುತ್ತದೆ.